ಬಿರುಕು ಸೀಸೆಯ ಸೋಡಿಯಂ

ಮುನಿರ್ಕಾದ ಮೆಡಿಕಲ್ ಶಾಪಿನ ಭಯ್ಯಾನಿಗೆ ನನ್ನ ಹೊಟ್ಟೆಯ ಬಗ್ಗೆ ಇರುವಷ್ಟು ಕಾಳಜಿ ಈ ದಿಲ್ಲಿಯಲ್ಲಿ ಇನ್ಯಾರಿಗೂ ಇಲ್ಲ. ಲಿಕ್ವಿಡ್ ಪ್ಯಾರಫಿನ್ ಕೇಳಿದಾಗೆಲ್ಲ, "ಏಕನಾಥ್‌ಜೀ, ಇನ್ನೂ ಸರಿ ಹೋಗಿಲ್ವಾ? ಪಪ್ಪಾಯ ತಿನ್ನಿ" ಅನ್ನುತ್ತಾನೆ. ಮಲಬದ್ಧತೆ ನನಗಲ್ಲ ಮಾರಾಯ, ಈ ಎಣ್ಣೆ ಸೋಡಿಯಮ್ಮಿಗೆ ಅಂತ ಹೇಳಬಹುದಿತ್ತು. ಹೇಳಿಲ್ಲ. ಹೇಳಿದರೆ ಅಷ್ಟು ವಿಚಾರಿಸುವವರೂ ಇಲ್ಲದಂತಾಗುತ್ತದೆ.

ನಾನು ಆರ್.ಕೆ.ಪುರಂನ ಒಂದು ಶಾಲೆಯಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದೆ. ರಿಟೈರಾದ ಮೇಲೂ ಶನಿವಾರ ಶನಿವಾರ ಅಲ್ಲಿನ ಲ್ಯಾಬಿಗೆ ಹೋಗುತ್ತೇನೆ, ಸೋಡಿಯಂ ಸೀಸೆಗೆ ಎಣ್ಣೆ ತುಂಬಲು. ಈ ಸೋಡಿಯಂ ಹೆಸರಿಗೆ ಲೋಹ, ಚಾಕು ಇಟ್ಟರೆ ಫ್ರಿಜ್ಜಿನ ಬೆಣ್ಣೆ. ಒಳಗೆ ಬೆಳ್ಳಿಯ ಹೊಳಪು. ಎಷ್ಟು ಚೆಂದ ಅನ್ನುವಷ್ಟರಲ್ಲಿ ಗಾಳಿ ತಾಗಿ ಮಂಕಾಗುತ್ತದೆ. ನೀರು ಸೋಕಿದರಂತೂ ಮೈಮೇಲೆ ದೇವರು ಬಂದವರ ಹಾಗೆ ಕುಣಿದು ಉರಿಯುತ್ತದೆ. ಅದಕ್ಕೇ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಮೊದಲು ಸೀಮೆಎಣ್ಣೆ ಹಾಕುತ್ತಿದ್ದೆವು, ಈಗ ದಿಲ್ಲಿಯಲ್ಲಿ ಅದೆಲ್ಲಿ ಸಿಗಬೇಕು?

ಸೀಸೆಗೊಂದು ಸಣ್ಣ ಬಿರುಕು. ಎಣ್ಣೆ ಜಿನುಗಿ, ಸೀಸೆ ಇಟ್ಟಿರುವ ಟ್ರೇಯ ಮರಳಿಗೆ ಇಳಿಯುತ್ತದೆ. ಸೀಸೆ ಬದಲಾಯಿಸಿದರೆ ಮುಗೀತು, ನನಗೂ ಗೊತ್ತು. ಬದಲಾಯಿಸಿಲ್ಲ. ಹೆಂಡತಿ ವಿಜಯ ತೀರಿಹೋದ ಮೇಲೆ ನನ್ನ ಮನೆಯಲ್ಲಿ ಸದ್ದು ಮಾಡೋದು ಕುಕ್ಕರ್ ಒಂದೇ. ಆ ಸೀಸೆಗಾದರೂ ನಾನು ಬೇಕು.

ಮಗಳು ಸ್ಫೂರ್ತಿ ನೋಯ್ಡಾದಲ್ಲಿದ್ದಾಳೆ. ನನ್ನನ್ನೂ ಕರೆಯುತ್ತಾಳೆ. ಅಲ್ಲಿ ನನಗೇನು ಕೆಲಸ? ಎಲ್ಲರೂ ಆಫೀಸಿಗೆ ಹೋದ ಮೇಲೆ ಡೆಲಿವರಿಯವನಿಗೆ ಬಾಗಿಲು ತೆಗೆಯೋದು. ಪ್ರತಿ ಸಲವೂ ಸೋಡಿಯಮ್ಮಿನ ನೆಪ ಹೇಳುತ್ತೇನೆ. ಈ ಸಲ ಅವಳಿಗೂ ರೇಗಿತು.

"ಅರೇ ಅಪ್ಪಾ, ಅದಕ್ಕಿನ್ನೂ ಜೀವ ಇದೆಯಾ ಅಂತಾದ್ರೂ ನೋಡಿದ್ದೀರಾ?"

ಆ ಮಾತು ಚುಚ್ಚಿತು. ಶನಿವಾರ ಚಿಮಟದಲ್ಲಿ ಒಂದು ತುಂಡು ಎತ್ತಿ ಚಾಕು ಇಟ್ಟೆ. ಬೆಣ್ಣೆಯಂತೆ ಇಳಿಯಬೇಕಾದ ಚಾಕು ಕರಕರ ಅಂದಿತು. ತುಂಡು ಸುಣ್ಣದ ಹೆಂಟೆಯ ಹಾಗೆ ಪುಡಿಯಾಯಿತು. ಇನ್ನೊಂದು ಎತ್ತಿದೆ, ಅದೂ ಅಷ್ಟೇ. ಹೊರಗಿನ ಬಿಳಿ ಪೊರೆ ಸದಾ ಇರುವುದೇ ಅಂತ ನಾನು ಒಳಗೆ ನೋಡಿಯೇ ಇರಲಿಲ್ಲ.

ಲ್ಯಾಬ್ ಅಟೆಂಡರ್ ಚಂದ್ರಮೋಹನ ಎರಡು ಲೋಟ ಚಹಾ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

"ಹೋದ ವರ್ಷ ನಿಮಗೆ ಡೆಂಗ್ಯೂ ಆಯ್ತಲ್ಲ ಸರ್, ಆಗಲೇ ಎಣ್ಣೆಯೆಲ್ಲ ಇಳಿದುಹೋಗಿತ್ತು. ನಾನು ನೋಡೋ ಹೊತ್ತಿಗೆ ಹಾಳಾಗಿತ್ತು."

"ಮತ್ತೆ ಮಕ್ಕಳಿಗೆ ಏನು ತೋರಿಸ್ತಾರೆ?"

"ಹೊಸದು ತರಿಸಿದ್ದಾರೆ. ಬೀರುವಿನಲ್ಲಿದೆ. ಭದ್ರವಾದ ಡಬ್ಬಿ, ಯಾರೂ ನೋಡ್ಕೋಬೇಕಾಗಿಲ್ಲ."

"ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲಯ್ಯಾ."

"ಹೇಳಿದ್ರೆ ನೀವು ಬರ್ತಿದ್ರಾ?"

ಸಿಟ್ಟು ನೆತ್ತಿಗೇರಿತು. ಬೈಯಬೇಕು ಅಂತ ಬಾಯಿ ತೆರೆದೆ. ಅವನು ಲೋಟ ನನ್ನ ಕೈಗೆ ಕೊಟ್ಟು, ಬೆಂಚಿನ ಮೇಲೆ ಚೆಲ್ಲಿದ್ದ ಬಿಳಿ ಪುಡಿಯನ್ನು ಜೋಪಾನವಾಗಿ ಬಳಿದು ತೆಗೆದ. ಉಳಿದ ತುಂಡುಗಳು ಸೀಸೆಯಲ್ಲೇ ಇದ್ದವು. ಚಹಾ ಕುಡಿದು, ತಂದ ಎಣ್ಣೆಯನ್ನು ಅವುಗಳ ಮೇಲೆ ಕಂಠಮಟ್ಟ ಸುರಿದು ಮುಚ್ಚಳ ಹಾಕಿದೆ.

ಸಂಜೆ ಮುನಿರ್ಕಾದಲ್ಲಿ ಬಸ್ಸಿಳಿಯುವಾಗ ಸ್ಫೂರ್ತಿ ಫೋನ್ ಮಾಡಿದಳು.

"ನೋಡಿದ್ರಾ ಅಪ್ಪಾ?"

"ನೋಡಿದೆ. ಫಸ್ಟ್ ಕ್ಲಾಸಾಗಿದೆ. ನಾನು ಬಿಟ್ಟು ಬಂದ್ರೆ ಹಾಳಾಗುತ್ತಮ್ಮಾ."

"ಅಚ್ಛಾ" ಅಂದಳು. ನಾನು ಫೋನ್ ಜೇಬಿಗಿಟ್ಟೆ.

ಮೆಡಿಕಲ್ ಶಾಪಿನ ಭಯ್ಯಾ ನನ್ನನ್ನು ಕಂಡು ಕೈ ಎತ್ತಿದ. "ಹೊಟ್ಟೆ ಹೇಗಿದೆ ಏಕನಾಥ್‌ಜೀ?"

"ಹಾಗೇ ಇದೆ," ಅಂದೆ. "ಮುಂದಿನ ವಾರಕ್ಕೆ ಇನ್ನೊಂದು ಬಾಟ್ಲಿ ಕೊಡು."