ಹನ್ನೆರಡನೆಯ ಕಾರ್ಬೈನಿನ ಮುಳ್ಳು

ಕಾರ್ಬೈನ್ ಎಂದರೆ ರೈಫಲ್ಲಿನ ಮರಿ ಎಂದುಕೊಂಡವರೇ ಹೆಚ್ಚು. ನಮ್ಮ ಪಹರೆ ದಳದಲ್ಲಿದ್ದವು ಮರಿಗಳಲ್ಲ, ಮೂಗು ಕೊಯ್ಸಿಕೊಂಡ ರೈಫಲ್ಲುಗಳೇ. ತೋಟಾ ಅದೇ, ಗುಂಡು ಅದೇ, ಹೆಗಲಿಗೊತ್ತುವ ಮರದ ಹಿಡಿಯೂ ಅದೇ. ನಳಿಗೆ ಮಾತ್ರ ಒಂದು ಗೇಣು ಗಿಡ್ಡ. ಕುದುರೆ ಸವಾರರಿಗೆ ಉದ್ದದ ಬಂದೂಕು ತೊಡಕೆಂದು ಹಿಂದಿನವರು ಹುಡುಕಿಕೊಂಡ ಉಪಾಯವಂತೆ. ನಮ್ಮಲ್ಲಿ ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ. ಉಗ್ರಾಣದ ಇಕ್ಕಟ್ಟು ಓಣಿಗಳಲ್ಲಿ ತಿರುಗುವ ಕಾವಲುಗಾರರಿಗೆ ಗಿಡ್ಡದ್ದೇ ಲೇಸೆಂದು ದೊಡ್ಡ ಸಾಹೇಬರಿಗೆ ತೋಚಿತು. ಹನ್ನೆರಡು ರೈಫಲ್ ಮೊಟಕು ಮಾಡೆಂದು ನನಗೆ ಆರ್ಡರ್ ಬಂತು.

ನಾನು ದಳದ ಬಂದೂಕು ರಿಪೇರಿಯವನು. ಕೈಯಲ್ಲಿ ಸದಾ ಕಬ್ಬಿಣ ಉಜ್ಜುವ ಅರ ಇರುತ್ತಿದ್ದುದರಿಂದ ಎಲ್ಲರಿಗೂ ಅರದಣ್ಣ. ನಳಿಗೆ ಕೊಯ್ಯುವುದು ದೊಡ್ಡ ವಿದ್ಯೆಯಲ್ಲ, ಗರಗಸವಿದ್ದ ಯಾವ ದಡ್ಡನೂ ಕೊಯ್ದಾನು. ವಿದ್ಯೆ ಇರುವುದು ಗುರಿ ಹಿಡಿಯಲೆಂದು ನಳಿಗೆಯ ತುದಿಯಲ್ಲಿ ಕೂರಿಸುವ ಮುಳ್ಳಿನಲ್ಲಿ. ಕೊಯ್ದಾಗ ಹಳೆಯ ಮುಳ್ಳು ತುಂಡಿನ ಜೊತೆಗೇ ಹೋಗುತ್ತದೆ. ಹೊಸದನ್ನು ಬೇಕೆಂದೇ ಎತ್ತರವಾಗಿ ಕೂರಿಸಿ, ಅಂಗಳದ ಮರಳುದಿಬ್ಬಕ್ಕೆ ಮೂರು ಗುಂಡು ಹೊಡೆದು, ಸ್ವಲ್ಪ ಉಜ್ಜಿ, ಮತ್ತೆ ಹೊಡೆಯಬೇಕು. ಮುಳ್ಳು ತಗ್ಗಿದಂತೆ ಗುಂಡು ಏರುತ್ತದೆ. ಹೆಚ್ಚು ಉಜ್ಜಿದರೆ ಕೆಟ್ಟೆ; ಉಜ್ಜಿದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಒಂದೊಂದು ನಳಿಗೆಯದೂ ಒಂದೊಂದು ಸ್ವಭಾವ, ಒಂದರ ಅಳತೆ ಇನ್ನೊಂದಕ್ಕೆ ಸಲ್ಲದು ಎಂದು ನನಗೆ ಕೆಲಸ ಕಲಿಸಿದ ಮುದುಕ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಹನ್ನೊಂದು ಕಾರ್ಬೈನ್‌ಗಳ ಮುಳ್ಳುಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದು ನಿಂತವು. ಹನ್ನೆರಡನೆಯದನ್ನು ನಾನು ಹೊಡೆದು ನೋಡಲೇ ಇಲ್ಲ. ಹನ್ನೊಂದನೆಯದನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಳತೆಯಲ್ಲೇ ಉಜ್ಜಿದೆ, ಪರೀಕ್ಷಿಸಿದೆ ಎಂದು ಚೀಟಿ ಕಟ್ಟಿದೆ. ಅವಸರವೇನೂ ಇರಲಿಲ್ಲ. ಸೊಕ್ಕು, ಅಷ್ಟೇ.

ಆ ಕಾರ್ಬೈನ್ ನನ್ನ ತಂಗಿಯ ಗಂಡನ ಪಾಲಿಗೆ ಬಂತು. ಅವನೂ ದಳದಲ್ಲೇ ಕಾವಲುಗಾರ. ದಾರಿಯಲ್ಲಿ ಇರುವೆ ಸಾಲು ಕಂಡರೂ ತುಳಿಯದೆ ದಾಟಿ ಹೋಗುವ ಆಸಾಮಿ. ಒಂದು ಮಧ್ಯಾಹ್ನ ಉಗ್ರಾಣದಿಂದ ಒಬ್ಬ ತಾಮ್ರದ ತಂತಿಯ ಸುರುಳಿ ಹೊತ್ತು ಓಡಿದ. ಇವನು ಮೂರು ಸಲ ಕೂಗಿದ, ಅವನು ನಿಲ್ಲಲಿಲ್ಲ. ಎಂಬತ್ತು ಹೆಜ್ಜೆ ದೂರದಿಂದ ಮಂಡಿಗೆ ಗುರಿಯಿಟ್ಟು ಹೊಡೆದ. ಗುಂಡು ಸೊಂಟದ ಬಳಿ ಬೆನ್ನಿಗೆ ಹೊಕ್ಕಿತು. ಸುರುಳಿ ಉರುಳುತ್ತ ಗೇಟಿನವರೆಗೂ ಹೋಯಿತಂತೆ, ಹೊತ್ತವನು ಅಲ್ಲೇ ಉಳಿದ.

ಸಂಜೆಯಾದರೆ ಬಂದೂಕುಗಳೆಲ್ಲ ನನ್ನ ಕೋಣೆಗೆ ಬರುವುದು ದಳದ ಪದ್ಧತಿ. ಸಾವಾದ ದಿನವೂ ಪದ್ಧತಿಯಂತೆ ಅದು ಬಂತು. ಸೀಲ್ ಹಾಕಬೇಕೆಂದು ಸಾಹೇಬರಿಗೆ ನೆನಪಾದದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಬೆಳಿಗ್ಗೆಯೇ ನಾನು ದಿಬ್ಬಕ್ಕೆ ಮೂರು ಗುಂಡು ಹೊಡೆದಿದ್ದೆ. ಎಂಬತ್ತು ಹೆಜ್ಜೆಗೆ ಮೂರೂ ಒಂದು ಮೊಳ ಮೇಲೆ. ಮುಳ್ಳನ್ನು ಅಷ್ಟು ಹೆಚ್ಚು ಉಜ್ಜಿಬಿಟ್ಟಿದ್ದೆ. ಸೀದಾ ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ಆ ಮುಳ್ಳನ್ನು ಕಿತ್ತು ಹೊಸದನ್ನು ಕೂರಿಸಿದೆ. ಈ ಸಲ ಮುದುಕ ಹೇಳಿದಂತೆಯೇ ಉಜ್ಜಿ, ಹೊಡೆದು, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಮಾಡಿಟ್ಟೆ. ನನ್ನ ಜೀವಮಾನದ ಅತಿ ಅಚ್ಚುಕಟ್ಟಾದ ಕೆಲಸ ಅದೇ.

ರೈಫಲ್ಲಿಗೂ ಕಾರ್ಬೈನಿಗೂ ಏನು ವ್ಯತ್ಯಾಸವೆಂದು ನ್ಯಾಯಾಧೀಶರು ನನ್ನನ್ನೇ ಕರೆಸಿ ಕೇಳಿದರು. ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಪಿಸ್ತೂಲು ಅಂಗೈಯ ಆಯುಧ, ಹತ್ತಿಪ್ಪತ್ತು ಹೆಜ್ಜೆಗೆ ಸಾಕು. ಶಾಟ್‌ಗನ್ ಚರೆಗುಂಡು ಎರಚುತ್ತದೆ. ರೈಫಲ್ ದೂರಕ್ಕೆ. ಕಾರ್ಬೈನ್ ಹಗುರ, ಆದರೆ ಸದ್ದು ಹೆಚ್ಚು, ಬಾಯಲ್ಲಿ ಬೆಂಕಿ ಹೆಚ್ಚು, ಹೆಗಲಿಗೆ ಒದೆತ ಹೆಚ್ಚು, ಬಹಳ ದೂರಕ್ಕೆ ನಂಬುವಂತಿಲ್ಲ. ಎಂಬತ್ತು ಹೆಜ್ಜೆಗೆ ಹೇಗೆಂದು ಕೇಳಿದರು. ಧಾರಾಳವಾಗಿ ನಂಬಬಹುದು ಎಂದೆ. ಅವರ ಪರೀಕ್ಷಕನೂ ಹೊಡೆದು ನೋಡಿ ಹೌದೆಂದ. ಕಾಲಿಗೇ ಗುರಿಯಿಟ್ಟೆ ಎಂದು ಗೋಗರೆಯುತ್ತಿದ್ದ ಭಾವಮೈದ ಸುಳ್ಳುಗಾರನಾದ. ಆರು ವರ್ಷ ಜೈಲಾಯಿತು.

ಅಂದಿನಿಂದ ನನಗೆ ಯಾರ ಬೆನ್ನನ್ನೂ ನೋಡಲಾಗುವುದಿಲ್ಲ. ರಸ್ತೆಯಲ್ಲಿ ಯಾರಾದರೂ ಮುಂದೆ ಹೋಗುತ್ತಿದ್ದರೆ ಎಣಿಕೆ ತಾನಾಗಿ ಶುರುವಾಗುತ್ತದೆ. ದೂರ ಎಂಬತ್ತು ಹೆಜ್ಜೆಯಾದಾಗ ಕಣ್ಣು ಮಂಡಿಯ ಮೇಲೆ ಕೂರುತ್ತದೆ, ಆಮೇಲೆ ಮೆಲ್ಲಗೆ ಒಂದು ಮೊಳ ಏರುತ್ತದೆ. ಹಾಲು ತರುವವನಾಗಲಿ, ಪಕ್ಕದ ಮನೆಯ ಅಜ್ಜಿಯಾಗಲಿ, ಯಾರಾದರೂ ಸರಿ. ಕೊಯ್ದ ಹನ್ನೆರಡು ನಳಿಗೆ ತುಂಡುಗಳನ್ನು ಕೆಲಸದ ಕೋಣೆಯ ಕಿಟಕಿಯಲ್ಲಿ ಜೋಡಿಸಿಟ್ಟಿದ್ದೆ. ಗಾಳಿ ಬೀಸಿದಾಗ ಅವುಗಳಲ್ಲಿ ಒಂದು ಮಾತ್ರ ಊಳಿಡುತ್ತಿತ್ತು. ಹನ್ನೆರಡಕ್ಕೂ ಬಟ್ಟೆ ತುರುಕಿದೆ, ಆಮೇಲೂ ಕೇಳಿಸಿತು. ನಿವೃತ್ತನಾಗಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದೇನೆ, ಆ ಕಿಟಕಿ ಇಲ್ಲಿಂದ ಎರಡು ಮೈಲಿ. ಈಗಲೂ ಕೇಳಿಸುತ್ತದೆ.

ಹೋದ ವಾರ ಭಾವಮೈದ ಬಿಡುಗಡೆಯಾಗಿ ಸೀದಾ ನನ್ನ ಅಂಗಡಿಗೆ ಬಂದ. ತಂಗಿ ಒಂದು ಸಲವೂ ಅವನನ್ನು ನೋಡಲು ಜೈಲಿಗೆ ಹೋಗಿರಲಿಲ್ಲ. ಕೊಂದದ್ದನ್ನಾದರೂ ಸಹಿಸಿಯೇನು, ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದ್ದನ್ನು ಸಹಿಸಲಾರೆ ಎಂದಿದ್ದಳು. ಅವನು ಸ್ಟೂಲಿನ ಮೇಲೆ ಕೂತು, ಕೊಟ್ಟ ನೀರು ಕುಡಿದ.

“ಒಂದು ಮಾತು ಹೇಳ್ಬೇಕು ಭಾವ,” ಎಂದ. “ನಾನು ಕಾಲಿಗೆ ಗುರಿ ಇಟ್ಟೇ ಇರ್ಲಿಲ್ಲ ಅನ್ಸುತ್ತೆ. ಬಂದೂಕು ಸರಿ ಇತ್ತು ಅಂದ್ಮೇಲೆ ನಾನೇ ಸರಿ ಇರ್ಲಿಲ್ಲ ತಾನೆ? ಈಗ ಕಣ್ಣು ಮುಚ್ಚಿದ್ರೆ ಮುಳ್ಳಿನ ತುದೀಲಿ ಅವನ ಬೆನ್ನೇ ಕಾಣುತ್ತೆ. ಹೋಗಿ ಅವಳ ಹತ್ರ ಒಪ್ಕೊಂಡ್ಬಿಡ್ತೀನಿ. ನಿಜ ಹೇಳಿದ್ರೆ ಒಳಗೆ ಕರ್ಕೋತಾಳೇನೋ.”

ನನ್ನ ಸುಳ್ಳು ಅವನ ನೆನಪಿನೊಳಗೇ ಹೋಗಿ ಮನೆ ಮಾಡಿಕೊಂಡಿತ್ತು. ಡ್ರಾಯರ್ ಎಳೆದು ಬೆಂಕಿಪೊಟ್ಟಣ ತೆಗೆದೆ. ಅಂದು ಕಿತ್ತ ಮುಳ್ಳು ಅದರಲ್ಲಿತ್ತು. ಎಸೆಯಲು ಹೋದಾಗಲೆಲ್ಲ ಕೈ ಬಂದಿರಲಿಲ್ಲ. ಎರಡು ಅಕ್ಕಿಕಾಳಿನಷ್ಟಿದ್ದ ಅದನ್ನು ಅವನ ಅಂಗೈಗೆ ಹಾಕಿದೆ.

“ಕಾಲಿಗೇ ಇಟ್ಟಿದ್ದೆ ಕಣಪ್ಪ ನೀನು. ಬೆನ್ನಿಗೆ ಇಟ್ಟೋನು ನಾನು.”

ಎಲ್ಲವನ್ನೂ ಹೇಳಿದೆ. ಅವನು ಬಯ್ಯಲಿಲ್ಲ, ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮುಳ್ಳನ್ನು ಬೆರಳಿನಿಂದ ಹೊರಳಿಸಿ ಹೊರಳಿಸಿ ನೋಡಿ, ಪೊಟ್ಟಣಕ್ಕೆ ಹಾಕಿ ನನಗೇ ವಾಪಸು ಕೊಟ್ಟ.

“ಅವಳಿಗೆ ನೀವೇ ಹೇಳಿ,” ಎಂದ. “ಮುಂದೆ ನಡೀರಿ ಭಾವ, ನಾನು ಹಿಂದೆ ಬರ್ತೀನಿ.”

ಅಂಗಡಿಗೆ ಬಾಗಿಲು ಹಾಕಿ ಮುಂದೆ ನಡೆದೆ. ಮೊದಮೊದಲು ಅವನ ಹೆಜ್ಜೆ ಹತ್ತಿರವೇ ಕೇಳಿಸುತ್ತಿತ್ತು. ಬೇಕರಿ ದಾಟಿದ ಮೇಲೆ ಅದು ನಿಂತೇಹೋಯಿತು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅವನು ಎಣಿಸುವ ಜಾತಿಯವನಲ್ಲ ಎಂದು ಗೊತ್ತು. ಅವನು ನಿಂತಲ್ಲಿಂದ ಎಣಿಸುತ್ತ ಹೋದವನು ನಾನೇ. ತಂಗಿಯ ಮನೆಯ ಮೆಟ್ಟಿಲು ಹತ್ತಿದಾಗ ಎಪ್ಪತ್ತೊಂಬತ್ತಾಗಿತ್ತು. ಇನ್ನೊಂದು ಹೆಜ್ಜೆಯಿಟ್ಟು, ಬೀದಿಗೆ ಬೆನ್ನು ಕೊಟ್ಟು ನಿಂತು, ಬೆಂಕಿಪೊಟ್ಟಣ ಹಿಡಿದ ಕೈಯಿಂದಲೇ ಬಾಗಿಲು ತಟ್ಟಿದೆ.