ಮೇಸ್ತ್ರಿಯ ಮೊದಲ ಗಾಲಿ

ದಾರಿ ಮಾಡುವವನಿಗೂ ದಾರಿಯಲ್ಲಿ ನಡೆಯುವವನಿಗೂ ಇರುವ ಸಂಬಂಧ ಬಡಿಸುವವನಿಗೂ ಉಣ್ಣುವವನಿಗೂ ಇರುವಂಥದ್ದು. ಉಂಡವನು ಕೈತೊಳೆದು ಎದ್ದುಹೋಗುತ್ತಾನೆ. ಎಲ್ಲಿ ಉಪ್ಪು ಹೆಚ್ಚಾಯಿತೋ ಎಂಬ ಚಿಂತೆ ಬಡಿಸಿದವನಿಗೆ ಮಾತ್ರ ಉಳಿಯುತ್ತದೆ. ರಸ್ತೆ ಮೇಸ್ತ್ರಿಯ ಬದುಕು ಇಂಥ ಚಿಂತೆಯಲ್ಲೇ ನೆಮ್ಮದಿಯಾಗಿ ಸಾಗಿತ್ತು. ಊರಿನ ಅರ್ಧದಷ್ಟು ಬೀದಿಗಳು ಅವನ ತಂಡದ ಕೈಯಲ್ಲಿ ಡಾಂಬರು ಕಂಡಿದ್ದವು. ಆ ತಂಡದಲ್ಲಿ ಒಂದು ವಾಡಿಕೆಯಿತ್ತು: ಹೊಸ ರಸ್ತೆಯನ್ನು ಜನಕ್ಕೆ ಬಿಡುವ ಮುನ್ನ ಅದರ ಮೇಲೆ ಉರುಳುವ ಮೊದಲ ಗಾಲಿ ಮೇಸ್ತ್ರಿಯದೇ ಆಗಿರಬೇಕು. ಅಡುಗೆಯವನು ತಾನು ಮೊದಲು ರುಚಿ ನೋಡುವಂತೆ ಇದು. ಯಾವ ಕಾನೂನೂ ಇದನ್ನು ವಿಧಿಸಿರಲಿಲ್ಲ. ಆದರೆ ಮೇಸ್ತ್ರಿ ತನ್ನ ಹಳೆಯ ಪೆಟ್ರೋಲ್ ಸ್ಕೂಟರಿನಲ್ಲಿ ಒಮ್ಮೆ ಹೋಗಿಬಂದು ತಲೆಯಾಡಿಸುವ ತನಕ ಅಡ್ಡಗಟ್ಟೆಯನ್ನು ತೆಗೆಯಲು ಯಾರೂ ಕೈಹಾಕುತ್ತಿರಲಿಲ್ಲ.

ಆ ಸ್ಕೂಟರೇ ಈಗ ಮನೆಯ ವ್ಯಾಜ್ಯಕ್ಕೆ ಮೂಲವಾಗಿತ್ತು. ಅವನ ಒಬ್ಬಳೇ ಮಗಳು ಪೇಟೆ ಬೀದಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳ ಅಂಗಡಿ ತೆರೆದಿದ್ದಳು. ಅಪ್ಪ ತನ್ನ ಗಾಡಿಯೊಂದನ್ನು ಏರಬೇಕೆಂಬುದು ಅವಳ ಆಸೆ. ಅದೊಂದನ್ನು ಬಿಟ್ಟು ಬೇರೆ ಏನು ಕೇಳಿದರೂ ಆ ತಂದೆ ಕೊಡುತ್ತಿದ್ದ.

"ಅಪ್ಪ, ಇವತ್ತೂ ಒಬ್ಬರು ಕೇಳಿದ್ರು," ಎಂದಳು ಮಗಳು ಸಂಜೆಯ ಊಟಕ್ಕೆ ಕುಳಿತಾಗ. "ನಿಮ್ಮಪ್ಪ ಇನ್ನೂ ಆ ಹೊಗೆಗೂಡನ್ನೇ ಓಡಿಸ್ತಾರಲ್ಲ, ಮಗಳ ಗಾಡಿ ಮೇಲೆ ಅವರಿಗೇ ನಂಬಿಕೆ ಇಲ್ವಾ ಅಂತ. ಕೇಳಿ, ತಗೊಳ್ದೆ ಹೊರಟೇಹೋದ್ರು. ನಾನೇನು ಹೇಳ್ಲಿ?"

"ಗಾಡಿ ಮೇಲೆ ನಂಬಿಕೆ ಇದೆ ಮಗಳೇ. ಅದಕ್ಕೆ ರಸ್ತೆ ತೆರಿಗೆ ಇಲ್ಲ ಅಂತೀಯಲ್ಲ, ಅದು ನನಗೆ ಗಂಟಲಲ್ಲಿ ಇಳಿಯಲ್ಲ. ಪೆಟ್ರೋಲ್ ಹಾಕ್ಸಿದಾಗೆಲ್ಲ ಅದರಲ್ಲೊಂದು ಪಾಲು ತಿರುಗಿ ನನ್ನ ಡಾಂಬರಿಗೆ ಬರತ್ತೆ. ನಿನ್ನ ಗಾಡಿಯಿಂದ ಏನು ಬರತ್ತೆ?"

"ಹೊಗೆ ಬರಲ್ಲ."

ತಾಯಿ ನಕ್ಕಳು. ಊಟಕ್ಕೆ ಬಂದಿದ್ದ ಅವಳ ತಮ್ಮ ಮಾತ್ರ ನಗಲಿಲ್ಲ. ಅವನು ಬಸ್ ಡ್ರೈವರ್. ಒಂದು ಪಕ್ಷದ ಕಟ್ಟಾ ಕಾರ್ಯಕರ್ತ. ಎರಡು ಆಸನಕ್ಕಾಗುವಷ್ಟು ದೇಹ, ಇಡೀ ಬಸ್ಸಿಗೆ ಕೇಳುವಷ್ಟು ದನಿ.

"ಸರಿಯಾಗಿ ಹೇಳಿದ್ರಿ ಭಾವ! ನಮ್ಮ ಪಕ್ಷ ಬಡ್ಕೋತಿರೋದೂ ಅದನ್ನೇ. ಆ ಇನ್ನೊಂದು ಪಕ್ಷದೋರು ಗೆದ್ರೆ ಕರೆಂಟ್ ಗಾಡಿಗೆ ಮುಂದೂ ತೆರಿಗೆ ಇಲ್ಲವೇ ಇಲ್ಲ, ಮೇಲೆ ಈಗಿರೋ ಸಬ್ಸಿಡಿನೂ ಜಾಸ್ತಿ ಮಾಡ್ತೀವಿ ಅಂತಾರೆ. ಒಬ್ಬರೋ ಇಬ್ಬರೋ ಕೂರೋ ಗಾಡಿಗೆ ಊರೆಲ್ಲ ಯಾಕೆ ದುಡ್ಡು ಸುರೀಬೇಕು? ಅದೇ ದುಡ್ಡಲ್ಲಿ ಬಸ್ ಬಿಡ್ಲಿ."

"ನಿನ್ನ ಬಸ್ ಬರೋ ಹೊತ್ತಿಗೆ ಕಾಯ್ತಿದ್ದೋರಿಗೆ ಮೊಮ್ಮಕ್ಕಳಾಗಿರ್ತಾರೆ," ಎಂದಳು ಅಕ್ಕ. "ಸುಮ್ನೆ ಉಣ್ಣೋ."

"ಮಾವ, ನನ್ನ ಹತ್ರ ಗಾಡಿ ತಗೊಳ್ಳೋರು ಯಾರು ಗೊತ್ತಾ?" ಎಂದಳು ಮಗಳು. "ಹಾಲು ಹಾಕೋ ಹೆಂಗಸು, ಪೇಪರ್ ಹಾಕೋರು, ಆಸ್ಪತ್ರೆ ನರ್ಸು. ಕೋಳಿ ಕೂಗೋಕ್ಮುಂಚೆ ಹೊರಡೋ ಜನ. ಆಗ ನಿಮ್ಮ ಬಸ್ ಎಲ್ಲಿರತ್ತೆ?"

"ಡಿಪೋದಲ್ಲಿ ಗೊರಕೆ ಹೊಡೀತಿರತ್ತೆ," ಎಂದಳು ತಾಯಿ.

ಮಾವ ಸೋಲುವವನಲ್ಲ. ಭಾನುವಾರ ತಮ್ಮ ಪಕ್ಷದ ಸಭೆಯಿದೆ, ಚುನಾವಣೆಗೆ ಸಾರಿಗೆ ನೀತಿಯ ಕರಡು ಸಿದ್ಧವಾಗಬೇಕಿದೆ ಎಂದ. ಭಾವ ಬಂದು ನಾಲ್ಕು ಮಾತಾಡಬೇಕು. ರಸ್ತೆ ಮಾಡುವವನೇ ರಸ್ತೆ ತೆರಿಗೆಯ ನ್ಯಾಯ ಹೇಳಿದರೆ ಅದರ ತೂಕವೇ ಬೇರೆ ಎಂದ. ಮೇಸ್ತ್ರಿ ಹಿಂದೆ ಮುಂದೆ ನೋಡದೆ, "ಆಗಲಿ, ಬರ್ತೀನಿ" ಎಂದುಬಿಟ್ಟ.

ಮಗಳ ಕೈ ತಟ್ಟೆಯಲ್ಲೇ ನಿಂತಿತು. "ಸರಿ ಅಪ್ಪ," ಎಂದಳು, ಅಷ್ಟೆ. ಅವಳು ಜಗಳಕ್ಕೆ ನಿಂತಿದ್ದರೆ ಮೇಸ್ತ್ರಿಗೆ ನಿದ್ದೆ ಬರುತ್ತಿತ್ತು. ಕೊಟ್ಟ ಮಾತು ಒಂದು ಕಡೆ, ಹೆತ್ತ ಮಗಳು ಒಂದು ಕಡೆ. ಅಡಕತ್ತರಿಯ ನಡುವಿನ ಅಡಕೆಯಾದ ಅವನು ಮಗ್ಗುಲು ಬದಲಿಸುತ್ತ ಮಲಗಿದ.

ಆ ವಾರ ಕೆಲಸವಿದ್ದದ್ದು ಪೇಟೆ ಬೀದಿಯಲ್ಲಿಯೇ, ಮಗಳ ಅಂಗಡಿಯ ಎದುರಿಗೇ. ಬೀದಿಯ ಒಂದು ಬದಿಗೆ ಡಾಂಬರು ಮುಗಿದಿತ್ತು. ಇನ್ನೊಂದು ಬದಿಯನ್ನು ಅದಕ್ಕೆ ಬೆಸೆಯಬೇಕಿತ್ತು. ಈ ಬೆಸುಗೆಯಲ್ಲಿಯೇ ಕಸುಬಿನ ಮರ್ಮವಿರುವುದು. ಡಾಂಬರು ಬೆರೆಸಿದ ಜಲ್ಲಿಯ ಮಾಲು ಹೊಗೆಯಾಡುತ್ತಿರುವಾಗಲೇ ಸಂದಿನ ಮೇಲೆ ರೋಲರ್ ಹರಿದರೆ ಎರಡು ಬದಿಗಳೂ ಒಂದೇ ಮೈಯಾಗುತ್ತವೆ. ಆರಿದ ಮೇಲೆ ಹರಿದರೆ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಉಳಿಯುತ್ತವೆ. ಅದಕ್ಕೆಂದೇ ಬಿಸಿ ಮಾಲಿನ ಮುಂದೆ ಯಾರೂ ಹರಟಬಾರದೆಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಅಂದು ಅದನ್ನು ಮುರಿದವನು ಅವನೇ.

ರೋಲರ್ ಓಡಿಸುವವನಿಗೆ ತಂಡದವರು ಇಟ್ಟ ಹೆಸರು ಅವಸರಣ್ಣ. ಅವನ ಯಂತ್ರದ ಆಮೆನಡಿಗೆ ನೋಡಿ ಇಟ್ಟ ಹೆಸರು. ಅವನು ಮೇಲಿನಿಂದಲೇ ಕೆಣಕಿದ: "ಏನ್ ಮೇಸ್ತ್ರಿ, ಭಾನುವಾರ ಮಗಳ ಅಂಗಡಿಗೆ ಬೀಗ ಹಾಕ್ಸೋ ಭಾಷಣವಂತೆ?"

"ಬೀಗ ಯಾಕೋ? ನ್ಯಾಯ ಹೇಳ್ತೀನಿ. ರಸ್ತೆ ಸವೆಸೋರು ರಸ್ತೆಗೆ ಕೊಡಬೇಕು."

"ಕಬ್ಬಿಣ ಹೊತ್ತ ಲಾರಿ ರಸ್ತೇನ ಅರೆಯತ್ತೆ. ಸ್ಕೂಟರ್ ಸವರ್ಕೊಂಡು ಹೋಗತ್ತೆ. ಎರಡಕ್ಕೂ ಒಂದೇ ನ್ಯಾಯವಾ?"

"ಹಾಗಾದ್ರೆ ತೂಕ ನೋಡಿ ಹಾಕ್ಲಿ," ಎಂದಳು ಜಲ್ಲಿ ಹರಡುವ ಹೆಂಗಸು, ಬಾಂಡ್ಲಿ ಕೆಳಗಿಟ್ಟು.

"ತೂಕ ನೋಡಿದ್ರೆ ಬ್ಯಾಟರಿ ಗಾಡಿನೇ ಭಾರ!" ಎಂದ ಮೇಸ್ತ್ರಿ.

"ಹೊಗೆಗೂ ಒಂದು ತೂಕ ಇಡ್ರಪ್ಪ. ದಿನವೆಲ್ಲ ಬೀದೀಲಿ ನಿಂತು ಕುಡಿಯೋರು ನಾವು," ಎಂದಳು ಅವಳು.

ಮಾತಿಗೆ ಮಾತು ಬೆಳೆಯಿತು. ದುಂಬಿ ಹೂವಿಗೆ ನೋವಾಗದಂತೆ ಜೇನು ಹೀರುವ ಹಾಗೆ ಅರಸನಾದವನು ಕಂದಾಯ ಎತ್ತಬೇಕೆಂದು ಹಿರಿಯರು ಹೇಳಿದ್ದುಂಟು. ಯಾವ ಹೂವಿನಿಂದ ಎಷ್ಟು ಎಂಬುದನ್ನು ತೀರ್ಮಾನಿಸುವ ಹೊಣೆ ಅಂದು ಆ ತಂಡದ ಮೇಲೆಯೇ ಬಿದ್ದಂತಿತ್ತು. ಕೈಗಳೂ ಸಲಿಕೆಗಳೂ ನಿಂತವು. ತೀರ್ಮಾನವಾಗುವ ಮೊದಲೇ ಮಾಲಿನ ಹೊಗೆ ಅಡಗಿತು. ಮೇಸ್ತ್ರಿ ಬೆಚ್ಚಿ, "ಹತ್ತಿಸೋ, ಹತ್ತಿಸೋ" ಎಂದು ಕೂಗಿದ. ಅವಸರಣ್ಣ ತನ್ನ ಹೆಸರಿಗೆ ತಕ್ಕಂತೆ ನಿಧಾನವಾಗಿ ಬಂದ. ಸಂದು ನೋಡುವುದಕ್ಕೆ ನುಣ್ಣಗೇ ಇತ್ತು. ಕಣ್ಣು ಸರಿ ಎಂದಿತು, ಕಾಲು ಸರಿ ಎಂದಿತು.

ಶನಿವಾರ ಬೆಳಿಗ್ಗೆ ರಸ್ತೆ ಬಿಡಬೇಕು. ಮೇಸ್ತ್ರಿ ಹೊರಗೆ ಬಂದು ಹಳೆಯ ಸ್ಕೂಟರನ್ನು ಒದ್ದ. ಅದು ಕೆಮ್ಮಿತು. ಮತ್ತೆ ಒದ್ದ. ಬಾಗಿಸಿ ಒದ್ದ, ಬೈದು ಒದ್ದ, ಕೊನೆಗೆ ಪುಸಲಾಯಿಸಿಯೂ ಒದ್ದ. ಅದು ಕೆಮ್ಮುವುದನ್ನೂ ನಿಲ್ಲಿಸಿತು. ಪೇಟೆ ಬೀದಿಯಲ್ಲಿ ತಂಡ ಕಾಯುತ್ತಿತ್ತು. ವಾರದಿಂದ ವ್ಯಾಪಾರವಿಲ್ಲದ ಅಂಗಡಿಯವರು ಅಡ್ಡಗಟ್ಟೆ ತೆಗೆಯುವುದನ್ನೇ ನೋಡುತ್ತಿದ್ದರು.

ಮಗಳು ತನ್ನ ಗಾಡಿಯನ್ನು ಹೊರಗೆ ತಂದು ನಿಲ್ಲಿಸಿದಳು. ಹ್ಯಾಂಡಲನ್ನು ಅಪ್ಪನ ಕಡೆಗೆ ತಿರುಗಿಸಿ, ತಾನು ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಳು.

"ಇದು ಲೆಕ್ಕಕ್ಕಿಲ್ಲ," ಎಂದ ಮೇಸ್ತ್ರಿ ಏರುತ್ತ. "ಕೆಲಸದ ಮೇಲೆ ಹೋಗ್ತಿರೋದು."

"ನಾನೇನಾದ್ರೂ ಅಂದ್ನಾ?" ಎಂದಳು ಮಗಳು.

ಅಡ್ಡಗಟ್ಟೆಯ ಬಳಿ ಅವಳು ಇಳಿದಳು. ತಂಡದವರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಹೊಸ ರಸ್ತೆಗೆ ಗಾಡಿ ಇಳಿಸಿದ.

ಮೊದಲಿಗೆ ಅವನಿಗೆ ಗಾಡಿ ಕೆಟ್ಟುನಿಂತಿತೆಂದೇ ಅನ್ನಿಸಿತು, ಅಷ್ಟು ನಿಶ್ಶಬ್ದ. ಆಮೇಲೆ ಆ ನಿಶ್ಶಬ್ದದೊಳಗಿಂದ ಒಂದು ದನಿ ಎದ್ದುಬಂದಿತು: ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಅಂಗೈ ಎಳೆದಂತೆ, ಸಣ್ಣಗೆ, ಎಡೆಬಿಡದೆ. ಅದು ಗಾಡಿಯ ದನಿಯಲ್ಲ, ರಸ್ತೆಯದು. ಜೀವಮಾನವೆಲ್ಲ ರಸ್ತೆ ಹಾಸಿದವನು ರಸ್ತೆ ಮಾತಾಡುವುದನ್ನು ಅಂದೇ ಕೇಳಿದ್ದು. ಹಳೆಯ ಸ್ಕೂಟರು ತನ್ನ ಪುರಾಣವನ್ನೇ ಊದುತ್ತಿದ್ದಾಗ ಪಾಪ, ಇದರ ಮಾತು ಯಾರಿಗೆ ಕೇಳಬೇಕು? ಮೇಸ್ತ್ರಿಯ ಎದೆ ತುಂಬಿಬಂದಿತು. ದೇವರೇ, ನಾನು ಮಾಡಿದ್ದು ಇಷ್ಟು ಚೆಂದವೇ ಎಂದುಕೊಂಡ.

ಹಾಗೆ ಅಂದುಕೊಳ್ಳುತ್ತಿದ್ದಂತೆಯೇ ಗಾಲಿ ಸಂದನ್ನು ದಾಟಿತು. ಟೊಕ್.

ಅವನು ಹಿಂದಿರುಗಿ ಬಂದು ಮತ್ತೆ ದಾಟಿದ. ಟೊಕ್. ಬಾಗಿಲ ಹಿಂದೆ ಯಾರೋ ಗೆಣ್ಣಿನಿಂದ ಬಡಿದಂತೆ. ಅಡಿಯಲ್ಲಿ ಪೊಳ್ಳಿತ್ತು, ಮೊದಲ ಮಳೆಗೆ ನೀರು ಇಳಿದು, ಮುಂದೆ ಅಲ್ಲೊಂದು ಗುಂಡಿ ಬಾಯಿ ತೆರೆಯುವುದು ಖಂಡಿತವಾಗಿತ್ತು.

ಗಾಡಿ ನಿಲ್ಲಿಸಿ, "ಅಡ್ಡಗಟ್ಟೆ ತೆಗೀಬೇಡಿ. ಪಿಕಾಸಿ ತನ್ನಿ," ಎಂದ. "ತೆರಿಗೆ ಮಾತಾಡ್ತಾ ನಿಂತಿದ್ವಲ್ಲ, ಅದರ ಫಲ ಇಲ್ಲಿದೆ."

ತಂಡ ತುಟಿ ಪಿಟ್ಟೆನ್ನದೆ ಸಂದನ್ನು ಅಗೆದು ತೆಗೆಯಿತು. ಬಿಸಿ ಮಾಲು ಮತ್ತೆ ಬಂದಿತು. ಈ ಸಲ ಅವಸರಣ್ಣನೂ ಅವಸರ ಮಾಡಿದ. ಅಂಗಡಿಯವರು ಗೊಣಗಿದರು, ಮಗಳು ಅವರಿಗೆಲ್ಲ ಕುಡಿಯಲು ನೀರು ಕೊಟ್ಟು ಕೂರಿಸಿದಳು. ಮಧ್ಯಾಹ್ನ ಮೇಸ್ತ್ರಿ ಅದೇ ಗಾಡಿಯಲ್ಲಿ ಮತ್ತೊಮ್ಮೆ ಹೋಗಿಬಂದ. ಅಂಗೈ ಬಟ್ಟೆಯ ಮೇಲೆ ಎಲ್ಲೂ ತಡೆಯಲಿಲ್ಲ. ಅವನು ತಲೆಯಾಡಿಸಿದ, ಬೀದಿ ತೆರೆಯಿತು.

ಭಾನುವಾರ ಮೇಸ್ತ್ರಿ ಸಭೆಗೆ ಆ ಗಾಡಿಯಲ್ಲಿಯೇ ಹೊರಟ. "ನನ್ನ ವಿರುದ್ಧ ಏನ್ ಮಾತಾಡ್ತೀಯೋ ನಾನೇ ಕೇಳ್ತೀನಿ" ಎಂದು ಮಗಳೂ ಹಿಂದೆ ಕುಳಿತಳು. ಸಭೆಯ ಬಾಗಿಲಲ್ಲಿ ಅತಿಥಿಗಳನ್ನು ಎದುರುಗೊಳ್ಳುತ್ತಿದ್ದ ಮಾವ ಗಾಡಿಯನ್ನು ಕಂಡವನೇ ಮುಖ ಹುಳಿ ಮಾಡಿಕೊಂಡ.

"ಭಾವ! ಇದರ ಮೇಲೆ ಬರೋದಾ? ನಮ್ಮೋರು ಏನಂದ್ಕೊಳ್ಳಲ್ಲ?"

"ಬಸ್ಸಿಗೆ ಕಾದು ನೋಡ್ದೆ ಮಾರಾಯ. ಬರಲಿಲ್ಲ."

ಒಳಗೆ ಕರಡಿನ ವಾಕ್ಯ ಓದಿದರು: ಕರೆಂಟ್ ಗಾಡಿಗಳ ವಿನಾಯಿತಿಯನ್ನೂ ಸಬ್ಸಿಡಿಯನ್ನೂ ಪೂರಾ ರದ್ದು ಮಾಡತಕ್ಕದ್ದು. ಚಪ್ಪಾಳೆ ಬಿದ್ದಿತು. ಮೇಸ್ತ್ರಿ ಎದ್ದುನಿಂತ. ಹಿಂದಿನ ಸಾಲಿನಲ್ಲಿ ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನಾನು ಬಂದಿರೋ ಗಾಡಿ ಹೊರಗಿದೆ, ಎಲ್ಲರೂ ನೋಡಿದೀರಿ," ಎಂದ. "ಅದಕ್ಕೂ ತೆರಿಗೆ ಹಾಕಿ. ರಸ್ತೆ ಯಾರಿಗೂ ಪುಕ್ಕಟೆ ಅಲ್ಲ, ನಾನೂ ಕೊಡ್ತೀನಿ. ಆದ್ರೆ ಭಾರ ನೋಡಿ ಹಾಕಿ, ಓಡಾಟ ನೋಡಿ ಹಾಕಿ. ಲಾರಿಗೆ ಲಾರಿಯಷ್ಟು, ಇದಕ್ಕೆ ಇದರಷ್ಟು. ಹೊಗೆ ಬಿಡೋದು ಒಂದು ಪಾಲು ಜಾಸ್ತಿ ಕೊಡಲಿ, ಬೀದೀಲಿ ನಿಂತು ಅದನ್ನ ಕುಡಿಯೋರು ನಾವು. ಸಬ್ಸಿಡಿನ ಪೂರಾ ಕಿತ್ತುಹಾಕ್ಬೇಡಿ. ಹಾಲು ಹಾಕೋಳಿಗೆ ಕೊಡಿ. ಮನೇಲಿ ಎರಡು ಕಾರಿದ್ದು ಮೂರನೇದಕ್ಕೆ ಕೈ ಚಾಚೋನಿಗೆ ಬೇಡ. ಉಳಿದದ್ದರಲ್ಲಿ ಬಸ್ ಬಿಡಿ. ನಮ್ಮ ಮನೆಯವಳು ಸ್ಟಾಪಿನಲ್ಲಿ ನಿಂತೂ ನಿಂತೂ ಬೇರು ಬಿಟ್ಟಿದಾಳೆ."

ಸಭೆ ನಕ್ಕಿತು. ಇದು ಯಾವ ಕಡೆಯ ಮಾತೆಂದು ತಿಳಿಯದೆ ಕೆಲವರು ಅರ್ಧ ಚಪ್ಪಾಳೆ ತಟ್ಟಿ ಕೈ ಕೆಳಗಿಳಿಸಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, 'ಪೂರಾ ರದ್ದು' ಎಂಬ ಮಾತನ್ನು ಹೊಡೆದುಹಾಕಿಸಿ, ಉಳಿದುದನ್ನು ಮುಂದಿನ ವಾರ ಚರ್ಚಿಸೋಣವೆಂದರು.

ಹೊರಗೆ ಬಂದ ಮೇಲೆ ಮಗಳು ಅಪ್ಪನನ್ನು ದಿಟ್ಟಿಸಿದಳು. "ಅಂತೂ ನನ್ನ ಗಾಡಿಗೆ ತೆರಿಗೆ ಹಾಕ್ಸಿಯೇ ಬಿಡ್ತೀಯ."

"ಹಾಕಿಸ್ತೀನಿ. ಮತ್ತೆ ನಾಳೆ ನನ್ನ ಹಳೇದನ್ನ ಗುಜರಿಗೆ ಹಾಕಿ ನಿನ್ನ ಅಂಗಡಿಗೂ ಬರ್ತೀನಿ. ಯಾರಾದ್ರೂ ಕೇಳಿದ್ರೆ, ಮೇಸ್ತ್ರಿ ರಸ್ತೆ ಪರೀಕ್ಷೆ ಮಾಡೋದು ಇದರಲ್ಲೇ ಅಂತ ಹೇಳು."

ಅವಳು ನಕ್ಕುಬಿಟ್ಟಳು, ಕಣ್ಣಂಚಿನಲ್ಲಿ ನೀರಿತ್ತು. "ಇಷ್ಟು ಒಳ್ಳೆ ಜಾಹೀರಾತು ನನಗೆ ಹೊಳೀಲೇ ಇಲ್ವಲ್ಲ ಅಪ್ಪ."

ಅಷ್ಟರಲ್ಲಿ ಮಾವ ಉಸಿರುಬಿಡುತ್ತ ಬಂದ. "ನಮ್ಮ ಕಡೆ ಮಾತಾಡಿ ಅಂತ ಕರ್ಸಿದ್ರೆ ಅಧ್ಯಕ್ಷರ ತಲೇಲಿ ಹುಳ ಬಿಟ್ರಿ. ಇರಲಿ. ನಾಳೆ ಮುಂಜಾನೆ ಡ್ಯೂಟಿ ಇದೆ, ಮನೆ ಹತ್ರ ಬಿಟ್ಟುಬಿಡಿ. ಈ ಹೊತ್ತಲ್ಲಿ ಬಸ್ಸೂ…" ಎಂದು ನಾಲಿಗೆ ಕಚ್ಚಿಕೊಂಡ.

ಮಗಳು ತಾನು ನಡೆದೇ ಬರುತ್ತೇನೆಂದು ಹೆಲ್ಮೆಟ್ಟನ್ನು ಮಾವನ ಕೈಗಿತ್ತಳು. ಅವನು ಏರಿ ಕುಳಿತ. ಗಾಡಿ ಒಮ್ಮೆ ಕುಗ್ಗಿ ನೆಲಕ್ಕೆ ನಮಸ್ಕರಿಸಿತು.

"ಭಾವ," ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ, ತಗ್ಗಿದ ದನಿಯಲ್ಲಿ, "ಆ ಭಾರ ನೋಡಿ ತೆರಿಗೆ ಅಂದ್ರಲ್ಲ, ಅದು ಬರೀ ಗಾಡಿ ಭಾರ ತಾನೇ?"

ಮೇಸ್ತ್ರಿ ನಗುತ್ತ ಗಾಡಿಯನ್ನು ಪೇಟೆ ಬೀದಿಗೆ ತಿರುಗಿಸಿದ.