ಎರಡು ಡಬ್ಬಿಯ ಮದ್ದು

ನಮ್ಮಣ್ಣ ಎರೋಲ್‌ಗೆ ದೇವರ ಮೇಲೆ ಇದ್ದದ್ದಕ್ಕಿಂತ ತನ್ನ ತಕ್ಕಡಿಯ ಮೇಲೆ ನಂಬಿಕೆ ಹೆಚ್ಚು. ಭಾನುವಾರ ಚರ್ಚಿಗೆ ಬರುತ್ತಿದ್ದದ್ದು ನನ್ನ ಬಾಯಿಗೆ ಹೆದರಿ. ಬಂದು ಕೂತರೂ ಮನಸ್ಸೆಲ್ಲ ಮನೆಯ ಹಿಂದಿನ ಶೆಡ್ಡಿನಲ್ಲೇ. ಅಲ್ಲೊಂದು ಬೆಂಚು, ಬೆಂಚಿಗೆ ಬಿಗಿದ ಒತ್ತುಯಂತ್ರ, ಗಾಳಿ ತಾಗದಂತೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಆ ತಕ್ಕಡಿ. ರೈಫಲ್ಲಿನಲ್ಲಿ ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ತಂದು, ತೊಳೆದು, ಅವುಗಳ ಕತ್ತು ಸರಿಮಾಡಿ, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಕೂರಿಸಿ ಒಂದೊಂದೇ ತೋಟಾ ಕಟ್ಟುತ್ತಿದ್ದ. ಅಷ್ಟು ಹೊತ್ತಿನಲ್ಲಿ ನಾನು ಒಂದು ಮದುವೆಗಾಗುವಷ್ಟು ಅಡುಗೆ ಮಾಡಿ ಮುಗಿಸುತ್ತಿದ್ದೆ.

"ಅಂಗಡೀಲಿ ಸಿಗಲ್ವೇನೋ ತೋಟಾ?" ಎಂದು ಕೇಳಿದರೆ ಮೂಗು ಮುರಿಯುತ್ತಿದ್ದ.

"ಸಿಗುತ್ತೆ. ಅದು ಊರಿಗೆಲ್ಲ ಒಂದೇ ಅಳತೇಲಿ ಹೊಲಿದ ಅಂಗಿ. ಇದು ಮೈ ಅಳತೆ ತಗೊಂಡು ಹೊಲಿದಿದ್ದು."

ಆ ಮೈ ಅವನ ಮಗಳು ಗ್ಲೆನಿಸ್‌ಳ ರೈಫಲ್ಲಿನದು. ಎರೋಲ್ ಹೊಡೆಯುವುದರಲ್ಲಿ ಅಷ್ಟಕ್ಕಷ್ಟೇ. ಆದರೆ ಆ ಹುಡುಗಿ ನೆಲಕ್ಕೆ ಮಲಗಿ ರೈಫಲ್ಲನ್ನು ಭುಜಕ್ಕೆ ಆನಿಸಿದಳೆಂದರೆ ಪಕ್ಕದಲ್ಲಿ ಹರಟುತ್ತಿದ್ದವರೂ ಸುಮ್ಮನಾಗುತ್ತಿದ್ದರು. ತಾಯಿಯನ್ನು ಬೇಗ ಕಳೆದುಕೊಂಡ ಮಗು. ಅರ್ಧ ಸಾಕಿದ್ದು ನಾನು, ಇನ್ನರ್ಧ ಸಾಕಿದ್ದು ನಮ್ಮ ರೈಫಲ್ ಕ್ಲಬ್ಬು. ಗೋಧಿ ಹೊಲಗಳ ನಡುವೆ ತಗಡಿನ ಚಾವಣಿಯ ಒಂದು ಕೋಣೆ, ಮಣ್ಣಿನ ದಿಬ್ಬ, ದೂರದಲ್ಲಿ ಗುರಿಹಲಗೆಗಳು, ಕೊಲ್ಲಿಯ ಕಡೆಯಿಂದ ಬೀಸುವ ಉಪ್ಪು ಗಾಳಿ. ಕ್ಲೆಮ್ ಶಿರ್ಮರ್ ಎಂಬ ಕುರಿ ಸಾಕುವವನು ಅಲ್ಲಿಯ ಕ್ಯಾಪ್ಟನ್. ಚಹಾ ಮತ್ತು ಪೇಸ್ಟಿ ನನ್ನ ಪಾಲು. ಆಲೂಗಡ್ಡೆ, ಟರ್ನಿಪ್ಪು, ಮಾಂಸ ತುಂಬಿ ಬೇಯಿಸಿದ ನನ್ನ ಪೇಸ್ಟಿಗೋಸ್ಕರವೇ ಅರ್ಧ ಜನ ಕ್ಲಬ್ಬಿಗೆ ಬರುತ್ತಾರೆ. ಹೇಳಿದರೆ ಒಪ್ಪಿಕೊಳ್ಳುವುದಿಲ್ಲ, ಬಿಡಿ.

ಹೊಡೆಯಲು ಬಾರದ ನನಗೂ ಅಲ್ಲಿ ಕೂತು ಕೂತು ಒಂದು ವಿಷಯ ತಲೆಗೆ ಹತ್ತಿದೆ. ಏಟು ಎಡಕ್ಕೋ ಬಲಕ್ಕೋ ಸರಿದರೆ ಅದು ಗಾಳಿಯ ಕೆಲಸ. ಒಂದು ಮೇಲೆ, ಒಂದು ಕೆಳಗೆ ಬಿದ್ದರೆ ತಪ್ಪು ಇಬ್ಬರಲ್ಲಿ ಒಬ್ಬರದು: ತೋಟಾ ಕಟ್ಟಿದವನು ಮದ್ದಿನಲ್ಲಿ ಎಡವಿದ್ದಾನೆ, ಇಲ್ಲವೇ ಹೊಡೆಯುವವನು ಟ್ರಿಗರ್ ಎಳೆಯುವಾಗ ಉಸಿರಾಡಿದ್ದಾನೆ. ಎರಡರಲ್ಲಿ ಯಾವುದು ಎಂದು ಹಲಗೆ ಹೇಳುವುದಿಲ್ಲ. ನಮ್ಮ ಮನೆ ಹಾಳಾದದ್ದು ಇದರಿಂದಲೇ.

ರಾಜ್ಯದ ತಂಡಕ್ಕೆ ಆಯ್ಕೆ ನಡೆದದ್ದು ರಾಜಧಾನಿ ಅಡಿಲೇಡಿನಲ್ಲಿ. ಗ್ಲೆನಿಸ್‌ಗೆ ಚಿಕ್ಕಂದಿನಿಂದ ಅದೊಂದೇ ಕನಸು. ಮದುವೆ ಎಂದು ಯಾರಾದರೂ ಬಾಯಿ ತೆರೆದರೆ, "ಮೊದ್ಲು ತಂಡ, ಆಮೇಲೆ ಗಂಡ" ಎಂದು ನಗಿಸಿ ಕಳಿಸುತ್ತಿದ್ದಳು. ಅವತ್ತು ಬೆಳಗಿನಿಂದ ಅವಳ ಏಟುಗಳು ಹಲಗೆಯ ನಡುವೆಯೇ ಕೂರುತ್ತಿದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಹೆಸರೇ ಮೇಲೆ. ಕೊನೆಯ, ಎಲ್ಲಕ್ಕಿಂತ ದೂರದ ಗುರಿ ಮಾತ್ರ ಬಾಕಿ. ಅದಕ್ಕೆಂದು ಎರೋಲ್ ಬೇರೆಯಾಗಿ ಇಟ್ಟಿದ್ದ ತೋಟಾಗಳ ಪೆಟ್ಟಿಗೆಯನ್ನು ತಾನೇ ತೆಗೆದು ಕೊಟ್ಟ.

ಮೊದಲ ಏಟು ಮೇಲೆ ಹೋಯಿತು. ಎರಡನೆಯದು ನಡುವೆ. ಮೂರನೆಯದು ಕೆಳಗೆ. ಅವಳು ಕತ್ತು ತಿರುಗಿಸಿ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದಳು.

"ಅಪ್ಪ, ಮೇಲೆ ಕೆಳಗೆ ಆಗ್ತಿದೆ. ತೋಟಾ ಸರಿ ಇದೆ ತಾನೆ?"

"ತೋಟಾ ಸರಿಯಾಗೇ ಇದೆ. ನೀನು ಉಸಿರಾಡ್ತಿದೀಯ" ಎಂದ ಎರೋಲ್.

ಅಷ್ಟೇ ಮಾತು. ಅವಳು ತಿರುಗಿ ಉಸಿರು ಹಿಡಿದು ಹೊಡೆದಳು. ಮತ್ತೆ ಮೇಲೆ, ಮತ್ತೆ ಕೆಳಗೆ. ಸಂಜೆ ಪಟ್ಟಿ ಓದಿದಾಗ ಅವಳ ಹೆಸರಿರಲಿಲ್ಲ. ಕಾರಿನಲ್ಲಿ ಅತ್ತಳು. "ನನ್ನಿಂದ್ಲೇ ಆಯ್ತು ಅತ್ತೆ, ಇಂಥ ತೋಟಾ ಕೈಲಿಟ್ಕೊಂಡು ಹಾಳು ಮಾಡ್ಬಿಟ್ಟೆ" ಎಂದು ನನ್ನ ಹೆಗಲಿಗೆ ಮುಖ ಒತ್ತಿದಳು. ಎರೋಲ್ ಕಾರು ಓಡಿಸುತ್ತಿದ್ದ. ಅವನಿಗೂ ದುಃಖವಾಗಿದೆ, ಪಾಪ, ಅದಕ್ಕೇ ಮಾತಾಡುತ್ತಿಲ್ಲ ಎಂದುಕೊಂಡೆ.

ಆ ಚಳಿಗಾಲ ಅವಳು ಉಸಿರಿನ ಬೆನ್ನು ಹತ್ತಿದಳು. ಹಜಾರದ ನೆಲದ ಮೇಲೆ ಖಾಲಿ ರೈಫಲ್ ಹಿಡಿದು ಮಲಗುವುದು, ಅದರ ತುದಿಯ ಮೇಲೆ ನಾಣ್ಯ ಇಟ್ಟುಕೊಳ್ಳುವುದು, ಅದು ಬೀಳದಂತೆ ಉಸಿರು ಕಟ್ಟುವುದು. ಮುಖ ಕೆಂಪಗಾಗುವ ತನಕ. "ಸಾಯ್ತೀಯೇನೇ? ಏಳು, ಸೂಪು ಆರಿಹೋಗ್ತಿದೆ" ಎಂದು ನಾನು ಗದರಿಸುತ್ತಿದ್ದೆ. ಎರೋಲ್ ಅವಳನ್ನು ದಾಟಿಕೊಂಡು ಶೆಡ್ಡಿಗೆ ಹೋಗುತ್ತಿದ್ದ, ದಾಟಿಕೊಂಡು ಒಳಗೆ ಬರುತ್ತಿದ್ದ.

ಮುಂದಿನ ವರ್ಷ ಅವನು ಕಟ್ಟಿಕೊಟ್ಟ ತೋಟಾಗಳಲ್ಲಿ ಏನೂ ದೋಷವಿರಲಿಲ್ಲ. ಆದರೆ ಹೊಡೆಯುವವಳೇ ಬೇರೆಯಾಗಿದ್ದಳು. ಮೊದಲು ಯೋಚನೆಯೇ ಇಲ್ಲದೆ ಹೊಡೆಯುತ್ತಿದ್ದವಳು ಈಗ ಪ್ರತಿ ಏಟಿಗೂ ತನ್ನ ಎದೆಯನ್ನೇ ಕಾಯುತ್ತಿದ್ದಳು. ಉಸಿರು ಕಟ್ಟಿ ಕಟ್ಟಿ ಕಣ್ಣು ಮಂಜಾಗುವುದು, ಏಟು ತಪ್ಪುವುದು. ಆ ವರ್ಷದ ಸ್ಪರ್ಧೆಗಳು ಮುಗಿಯುವಷ್ಟರಲ್ಲಿ ರೈಫಲ್ಲನ್ನು ಕ್ಲೆಮ್‌ಗೆ ಮಾರಿ, ಪೋರ್ಟ್ ಪಿರಿ ಪಟ್ಟಣಕ್ಕೆ ಹೋಗಿ ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದಳು. ಅವಳು ಹೋದ ಮೇಲೆ ಎರೋಲ್ ಕೂಡ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಮಗಳಿಲ್ಲದ ಕಡೆ ಹೋಗಲು ಮನಸ್ಸಿಲ್ಲ ಎಂದು ಊರೆಲ್ಲ ಮರುಗಿತು. ನಾನೂ ಮರುಗಿದೆ, ನನ್ನ ಬುದ್ಧಿಗಿಷ್ಟು!

ಹಾಗೇ ಕೆಲವು ವರ್ಷ ಕಳೆದವು. ಹೋದ ವಸಂತದಲ್ಲಿ ಅವನ ಅಡುಗೆಮನೆಯಲ್ಲಿ ಕೂತು ಅವರೆ ಬಿಡಿಸುತ್ತಿದ್ದೆ. ಅವನು ಎದುರಿಗೆ ಕೂತು ಸಿಪ್ಪೆಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಇದ್ದಕ್ಕಿದ್ದಂತೆ ಹೇಳಿದ:

"ಏವಿಸ್, ಅವತ್ತು ಅಡಿಲೇಡಲ್ಲಿ ಅವಳು ಉಸಿರಾಡ್ಲಿಲ್ಲ."

"ಏನಂದೆ?"

"ಮದ್ದು ಸಾಲ್ಲಿಲ್ಲ. ಕೊನೇ ಪೆಟ್ಟಿಗೆ ಕಟ್ತಾ ಇದ್ದಾಗ ಡಬ್ಬಿ ತಳ ಕಾಣಿಸ್ತು. ಇನ್ನೊಂದು ಡಬ್ಬಿ ಇತ್ತು. ಹೆಸರು ಅದೇ, ಪಾಕ ಬೇರೆ. ಅದನ್ನೇ ಇದರ ಜೊತೆ ಸುರಿದ್ಬಿಟ್ಟೆ."

ನನ್ನ ಕೈಯಲ್ಲಿದ್ದ ಅವರೆ ಅಲ್ಲೇ ನಿಂತಿತು. ಕಾರ್ಖಾನೆಯಲ್ಲಿ ಒಂದು ಸಲ ತಯಾರಾದ ಪಾಕದ ಮದ್ದನ್ನು ಇನ್ನೊಂದು ಸಲದ್ದರ ಜೊತೆ ಬೆರೆಸಬಾರದು. ಒಂದು ಸ್ವಲ್ಪ ಬೇಗ ಉರಿಯುತ್ತದೆ, ಒಂದು ಸ್ವಲ್ಪ ನಿಧಾನ, ಹತ್ತಿರದ ಗುರಿಗೆ ಗೊತ್ತಾಗದಿದ್ದರೂ ದೂರದ ಗುರಿಯಲ್ಲಿ ಒಂದು ಏಟು ಹತ್ತುತ್ತದೆ, ಒಂದು ಇಳಿಯುತ್ತದೆ. ಕ್ಲಬ್ಬಿನಲ್ಲಿ ಪ್ರತಿಯೊಬ್ಬ ಹೊಸಬನಿಗೂ ಇದನ್ನು ತಲೆಗೆ ಮೊಟಕಿ ಹೇಳಿಕೊಡುತ್ತಿದ್ದವನು ಇದೇ ಎರೋಲ್.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದೆ.

"ಮೊದಲ್ನೇ ಏಟು ಮೇಲೆ ಹೋದಾಗ್ಲೇ."

"ಅಂದ್ರೆ ಅವಳು ತಿರುಗಿ ಕೇಳಿದಾಗ..."

"ಗೊತ್ತಿತ್ತು."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಥೂ ನಿನ್ನ! ಹೆತ್ತ ಮಗಳು ನೆಲದ ಮೇಲೆ ಬಿದ್ದು ಉಸಿರು ಕಟ್ಕೊಂಡು ಒದ್ದಾಡ್ತಿದ್ರೆ ಅವಳನ್ನ ದಾಟ್ಕೊಂಡು ಓಡಾಡಿದ್ಯಲ್ಲೋ! ನಿನ್ನ ತಕ್ಕಡಿಗೆ ಕೆಟ್ಟ ಹೆಸರು ಬರುತ್ತೆ ಅಂತ ಅವಳ ಜೀವ ತಿಂದ್ಯಲ್ಲೋ!" ಅವನು ಸಿಪ್ಪೆಗಳ ಸಾಲನ್ನು ಕೆಡಿಸಿ ಮತ್ತೆ ಜೋಡಿಸಿದ. "ಅಷ್ಟು ಜನ ಸುತ್ತ ನಿಂತಿದ್ರು. ಬಾಯಿಗೆ ಆ ಮಾತೇ ಬಂತು. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ. ದಿನಾ ಹೇಳ್ಬೇಕು ಅನ್ಕೋತಿದ್ದೆ, ದಿನಾ ಇನ್ನೂ ಕಷ್ಟ ಆಗ್ತಾ ಹೋಯ್ತು" ಎಂದ. ಅವನ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಅಯ್ಯೋ ಅನ್ನಲು ನನಗೆ ಇಷ್ಟವಿರಲಿಲ್ಲ.

"ಅವಳಿಗೆ ಹೇಳು. ಫೋನು ಅಲ್ಲೇ ಇದೆ."

"ಫೋನಲ್ಲಿ ಬೇಡ ಕಣೇ. ಕೊಯ್ಲಿಗೆ ಮುಂಚೆ ಕ್ಲಬ್ಬಿನ ಕೊನೇ ದಿನ ಇದ್ಯಲ್ಲ, ಹಳಬರೆಲ್ಲ ಬರ್ತಾರಲ್ಲ, ಅವತ್ತಿಗೆ ಕರೆಸ್ತೀನಿ. ಕ್ಲೆಮ್ ಹತ್ರ ಅವಳ ರೈಫಲ್ ಇಸ್ಕೊಂಡು, ನಾನೇ ತೋಟಾ ಕಟ್ಟಿ ಕೊಡ್ತೀನಿ. ಹೊಡೀಲಿ. ಏಟೆಲ್ಲ ಒಂದೇ ಕಡೆ ಬೀಳೋದು ನೋಡಿದ್ರೆ, ಅವತ್ತಿನ ತಪ್ಪು ತನ್ನದಲ್ಲ ಅಂತ ಅವಳಿಗೇ ಅರ್ಥ ಆಗುತ್ತೆ."

"ನಿಂಗೆ ದೇವರು ಬಾಯಿ ಕೊಟ್ಟಿದಾನೆ ಎರೋಲ್."

"ನಂಗೆ ಬರೋದು ಇದೊಂದೇ" ಎಂದ.

ಹಾಳಾಗಿ ಹೋಗಲಿ, ಹೇಗಾದರೂ ಒಂದು ಹೇಳಿದರೆ ಸಾಕೆಂದು ಒಪ್ಪಿದೆ. ಹೊಸ ಡಬ್ಬಿ ತರಿಸಿದ, ಒಂದೇ ಡಬ್ಬಿ. ಶೆಡ್ಡಿನಲ್ಲಿ ಮತ್ತೆ ದೀಪ ಉರಿಯಿತು. ಗುಂಡನ್ನು ಕೊಳವೆಯಲ್ಲಿ ಎಷ್ಟು ಮುಂದಕ್ಕೆ ಕೂರಿಸಬೇಕೆಂಬುದು ರೈಫಲ್ಲಿನ ನಳಿಕೆ ಶುರುವಾಗುವ ಒಳಗಂಟಲನ್ನು ಅಳೆದು ತೀರ್ಮಾನಿಸುವ ವಿಷಯ. "ಅಳೆಯೋಕೆ ರೈಫಲ್ ತರಿಸ್ಕೊಳ್ಳಲ್ವಾ?" ಎಂದು ಕೇಳಿದೆ. ನಕ್ಕುಬಿಟ್ಟ. "ಆ ರೈಫಲ್ಲಿನ ಗಂಟಲು ನನ್ನ ಗಂಟಲಿಗಿಂತ ಚೆನ್ನಾಗಿ ಗೊತ್ತು ನಂಗೆ" ಎಂದ. ಅವನು ನಕ್ಕದ್ದು ನೋಡಿ ಎಷ್ಟು ಕಾಲವಾಗಿತ್ತೋ.

ಗ್ಲೆನಿಸ್ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಕ್ಲೆಮ್ ದಿಬ್ಬದ ಮೇಲಿಂದಲೇ ಕೂಗಿದ: "ಏನಮ್ಮ ಡ್ರೈವರಮ್ಮ! ಮಕ್ಕಳು ಬೆಲ್ಟ್ ಹಾಕ್ಕೊಳ್ದಿದ್ರೆ ರೈಫಲ್ ತೋರಿಸ್ತೀಯಂತೆ?"

"ರೈಫಲ್ ಯಾಕೆ ಕ್ಲೆಮ್, ನಿನ್ನ ಫೋಟೋ ತೋರಿಸಿದ್ರೆ ಸಾಕು" ಎಂದಳು. ಎಲ್ಲರೂ ನಕ್ಕರು. ನನ್ನ ಹಳೇ ಹುಡುಗಿ ಒಂದು ಕ್ಷಣ ಬಂದು ಹೋದಂತಾಯಿತು.

ಅವಳಿಗೆ ಹೊಡೆಯುವ ಮನಸ್ಸಿರಲಿಲ್ಲ. ಅಪ್ಪ ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದನ್ನು ನೋಡಿ, "ಸರಿ, ನಿನಗೋಸ್ಕರ" ಎಂದು ಕ್ಲೆಮ್ ಕೊಟ್ಟ ತನ್ನ ಹಳೇ ರೈಫಲ್ಲು ಹಿಡಿದು ಮಲಗಿದಳು. ಒಂದು ತೋಟಾ ಹಾಕಿ ರೈಫಲ್ಲಿನ ಅಗುಳಿಯಂಥ ಬೋಲ್ಟು ಮುಚ್ಚಿದಳು. ಬಿಗಿಯಾಗಿತ್ತೇನೋ, ಅಂಗೈ ಒತ್ತಿ ಮುಚ್ಚಿದಳು. ಎರೋಲ್ ಅವಳ ಹಿಂದೆ, ಅವತ್ತು ನಿಂತ ಹಾಗೆಯೇ ನಿಂತಿದ್ದ. ಅವನ ತುಟಿಗಳು ಅಲುಗುತ್ತಿದ್ದವು. ಚರ್ಚಿನಲ್ಲಿ ಎಂದೂ ಅಲುಗದ ತುಟಿಗಳು.

ಅಷ್ಟರಲ್ಲಿ "ನಿಲ್ಸಿ! ಎಲ್ಲಾ ನಿಲ್ಸಿ!" ಎಂದು ಕ್ಲೆಮ್ ಅರಚಿದ. ಬೇಲಿ ಹಾರಿದ ಕುರಿಗಳು ಗುರಿಹಲಗೆಗಳ ಮುಂದೆ ಸಾಲುಗಟ್ಟಿ ನಡೆಯುತ್ತಿದ್ದವು. ಯಾರವು ಅಂತೀರಿ, ಕ್ಯಾಪ್ಟನ್ ಸಾಹೇಬರವೇ. ಎಲ್ಲರೂ ಬೈಯುತ್ತ, ನಗುತ್ತ ಬೋಲ್ಟು ತೆರೆದರು. ನಿಲ್ಲಿಸಿ ಎಂದಮೇಲೆ ತೋಟಾ ಹೊರಗೆ ತೆಗೆಯಲೇಬೇಕು, ಅದು ನಿಯಮ. ಗ್ಲೆನಿಸ್ ಕೂಡ ತೆರೆದಳು. ಕೊಳವೆ ಮಾತ್ರ ಹೊರಬಂತು. ಗುಂಡು ಒಳಗೇ ಕಚ್ಚಿಕೊಂಡಿತು. ಮದ್ದೆಲ್ಲ ಸುರಿದು ರೈಫಲ್ಲಿನ ಹೊಟ್ಟೆಯೊಳಗೆ ಚೆಲ್ಲಿಹೋಯಿತು.

ಕ್ಲೆಮ್ ಬಂದು ಬಗ್ಗಿ ನೋಡಿದ. "ಅಯ್ಯೋ ಎರೋಲ್! ನಳಿಕೆ ಸವೆದು ಹೋಗಿತ್ತು, ಹೊಸದು ಹಾಕ್ಸಿ ಎರಡು ಸುಗ್ಗಿ ಆಯ್ತಲ್ಲೋ! ಹಳೇ ಗಂಟಲಿನ ಅಳತೆಗೆ ಕಟ್ಟಿದ್ಯಾ? ನೀನು ಬಂದು ಅಳತೆ ತಗೋತೀಯ ಅಂತ ನಾನು ಹೇಳ್ಲೇ ಇಲ್ಲ ಮಾರಾಯ."

ಎರೋಲ್ ಬಿಳಿಚಿಕೊಂಡ. ಹೊರಗಿನ ಮರದ ಹಿಡಿ ಅದೇ, ಅವಳು ಗೀಚಿದ್ದ ಗುರುತೂ ಅದೇ. ಒಳಗಿನ ನಳಿಕೆ ಬೇರೆ; ಹಳೆಯದರ ಸವೆದ ಗಂಟಲಿಗೆಂದು ಮುಂದಕ್ಕೆ ಕೂರಿಸಿದ ಗುಂಡು ಹೊಸದರ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಅವನು ಮಗಳಿಗೆಂದು ಅಷ್ಟು ಮುತುವರ್ಜಿಯಿಂದ ಕಟ್ಟಿದ ತೋಟಾಗಳಿಗೆ ಸರಿಹೊಂದುವ ರೈಫಲ್ಲು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಗ್ಲೆನಿಸ್ ಮೊಣಕಾಲೂರಿ ಕೂತು, ಚೆಲ್ಲಿದ ಮದ್ದನ್ನು ಕುಂಚದಿಂದ ಗುಡಿಸತೊಡಗಿದಳು. ತಲೆ ಎತ್ತದೆ ಹೇಳಿದಳು: "ಅಪ್ಪನ್ನ ಏನೂ ಅನ್ಬೇಡ ಕ್ಲೆಮ್. ನಂದೇ ತಪ್ಪು. ಬಿಗಿ ಇದೆ ಅಂತ ಗೊತ್ತಾದ್ರೂ ಒತ್ತಿ ಮುಚ್ಚಿದೆ."

ನಂದೇ ತಪ್ಪು! ಎರೋಲ್‌ನ ರಟ್ಟೆ ಹಿಡಿದು ಚಿವುಟಿದೆ, ಸರಿಯಾಗಿಯೇ ಚಿವುಟಿದೆ.

"ಇಲ್ಲ" ಎಂದ ಅವನು. "ನಿಂದಲ್ಲ ಮಗಳೆ. ಇದೂ ನಿಂದಲ್ಲ, ಅವತ್ತಿಂದೂ ನಿಂದಲ್ಲ. ಅಡಿಲೇಡಲ್ಲಿ ನಾನು ಎರಡು ಡಬ್ಬಿ ಮದ್ದು ಬೆರೆಸಿದ್ದೆ. ನೀನು ಕೇಳಿದಾಗ ನಂಗೆ ಗೊತ್ತಿತ್ತು. ನೀನು ಉಸಿರಾಡ್ಲಿಲ್ಲ."

ಕ್ಲೆಮ್‌ಗೆ ಅರ್ಥವಾಯಿತು. ಟೋಪಿ ಸರಿಮಾಡಿಕೊಂಡು ಕುರಿ ಓಡಿಸುವ ನೆಪದಲ್ಲಿ ಅತ್ತ ಹೋದ. ಗ್ಲೆನಿಸ್ ಕುಂಚ ಹಿಡಿದೇ ಕೂತಿದ್ದಳು. ಕೂಗುತ್ತಾಳೆ ಎಂದುಕೊಂಡೆ. ಕೂಗಲಿ, ಅವನ ಮುಖಕ್ಕೆ ಆ ಪೆಟ್ಟಿಗೆ ಎಸೆಯಲಿ ಎಂದು ನಾನೇ ಬಯಸಿದೆ.

"ಹಾಗಾದ್ರೆ ನಾನು ಚೆನ್ನಾಗೇ ಹೊಡೀತಿದ್ದೆ" ಎಂದಳು.

"ಹಾಗೆ ಹೊಡೆಯೋರನ್ನ ನಾನು ಇನ್ನೊಬ್ಬರನ್ನ ನೋಡಿಲ್ಲ."

"ಅವತ್ತು ಹೇಳ್ಬೇಕಿತ್ತು ಅಪ್ಪ. ಕಾರಲ್ಲಾದ್ರೂ ಹೇಳ್ಬೇಕಿತ್ತು."

ಅವನು ತಲೆಯಾಡಿಸಿದ. ಇನ್ನೇನು ಮಾಡಿಯಾನು?

ಕುರಿಗಳು ಹೋದ ಮೇಲೆ ಕ್ಲೆಮ್ ಒಂದು ಸರಳು ತೂರಿಸಿ ಒಳಗಿದ್ದ ಗುಂಡನ್ನು ಹೊರಗೆ ತಳ್ಳಿದ. ತನ್ನ ಜೇಬಿನಿಂದ ತಾನು ಕಟ್ಟಿದ ತೋಟಾ ತೆಗೆದು, "ಇದು ಈ ನಳಿಕೆಗೆ ಕಟ್ಟಿದ್ದು, ಒಂದು ಹೊಡಿಯಮ್ಮ" ಎಂದು ಅಂಗಲಾಚಿದ. ಅವಳು ತೆಗೆದುಕೊಂಡಳು. ಮಲಗಿದಳು. ಕೆನ್ನೆಯನ್ನು ಮರಕ್ಕೆ ಒತ್ತಿದಳು. ಗಾಳಿ ಬಿದ್ದುಹೋಗಿತ್ತು, ಹೊಡೆಯುವವರು ದಿನವೆಲ್ಲ ಕಾಯುವ ಗಳಿಗೆ. ನಾನು ಕಾದೆ, ಕಾದೆ. ಏಟು ಬರಲಿಲ್ಲ.

ಬೋಲ್ಟು ತೆರೆದು ತೋಟಾ ತೆಗೆದು ಕ್ಲೆಮ್‌ನ ಕೈಯಲ್ಲಿಟ್ಟಳು. ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು.

"ಆಗಲ್ಲ ಅತ್ತೆ. ಗೊತ್ತಾದ್ಮೇಲೂ ಉಸಿರನ್ನೇ ಕಾಯ್ತಿದೀನಿ."

ಪೇಸ್ಟಿಗಳನ್ನು ಯಾರೂ ಮುಟ್ಟಲಿಲ್ಲ. ಬುಟ್ಟಿಗೆ ವಾಪಸ್ ತುಂಬಿಕೊಂಡೆ. ಮನೆಗೆ ಹೋಗುವಾಗ ಕಾರು ಓಡಿಸಿದ್ದು ಅವಳು. ಎರೋಲ್ ಪಕ್ಕದಲ್ಲಿ ಕೂತು, ಯಾವ ರೈಫಲ್ಲಿಗೂ ಆಗದ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವಳು ಕೀಲಿ ತಿರುಗಿಸುವ ಮುಂಚೆ ಅವನತ್ತ ನೋಡಿದಳು. ಬಸ್ಸಿನ ಮಕ್ಕಳಿಗೆ ದಿನವೂ ಹೇಳುವ ದನಿಯಲ್ಲೇ, "ಬೆಲ್ಟ್ ಹಾಕ್ಕೋ ಅಪ್ಪ" ಎಂದಳು. ಅವನ ಕೈಗಳು ಪೆಟ್ಟಿಗೆಯನ್ನು ಬಿಡಲಿಲ್ಲ. ಹಿಂದಿನ ಸೀಟಿನಿಂದ ನಾನೇ ಬಗ್ಗಿ ಬೆಲ್ಟು ಎಳೆದು ಹಾಕಿದೆ.